ಬಚ್ಚಲಿನ ಹಿಂದಿನ ಹನಿ

ಕಾಪು,
೧೪ ಅಕ್ಟೋಬರ್ ೧೯೫೮

ಜೋಕಿಮ್,

ಬಹ್ರೈನಿನ ಬಿಸಿಲಿಗೆ ನೀನು ಪೂರ್ತಿ ಒಣಗಿಲ್ಲವೆಂದು ನಂಬಿ ಶುರು ಮಾಡುತ್ತೇನೆ. ಲಕೋಟೆಯ ಮೇಲಿನ ಅಕ್ಷರ ಅಕ್ಕನದಲ್ಲ, ಭಾವನದು ಎಂದು ಗೊತ್ತಾಗಿ ಹುಬ್ಬು ಗಂಟು ಹಾಕಿರುತ್ತೀ. ಹಾಕು. ಹುಬ್ಬು ಗಂಟು ಹಾಕಿದ ಪ್ರೇಕ್ಷಕರು ಈ ಅಲೋಶಿಯಸನಿಗೆ ಹೊಸಬರಲ್ಲ. ಕೊಂಕಣಿಯಲ್ಲಿ ಬರೆಯಲು ಕೂತೆ, ಎರಡನೇ ಸಾಲಿಗೇ ಬೈಗುಳ ಬಂತು. ಅದಕ್ಕೆ ಕನ್ನಡ. ಕನ್ನಡದಲ್ಲಿ ನಾನು ನಾಟಕ ಕಂಪೆನಿಯ ಡೇರೆಯೊಳಗೆ ವರ್ಷಗಟ್ಟಲೆ ರಾಜನಾಗಿದ್ದವನು; ಸ್ವಲ್ಪ ಮರ್ಯಾದೆ ಉಳಿಯುತ್ತದೆ.

ಎರಡು ಸುದ್ದಿ ಉಂಟು. ಎರಡೂ ಒಳ್ಳೆಯದಲ್ಲ.

ಮೊದಲನೆಯದು ನಿನ್ನ ಅಕ್ಕ ಗ್ಲ್ಯಾಡಿಸಳದು. ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ ಕಳೆದು ಒಂದು ವಾರಕ್ಕೆ ಮಟ್ಟು ಊರಿನಲ್ಲಿ ಒಂದು ಹೆರಿಗೆ ಮಾಡಿಸಿ ಬಂದಳು. ಬಚ್ಚಲಲ್ಲಿ ಕೈ ತೊಳೆಯುತ್ತಿದ್ದಳು. ತಂಬಿಗೆ ಬಿತ್ತು. ಎತ್ತಲು ಬಗ್ಗಿದಳು, ಕೈ ಜೊತೆಗೆ ಬರಲಿಲ್ಲ. ಬಲಗೈ, ಜೋಕಿಮ್. ಈ ಕರಾವಳಿಯಲ್ಲಿ ಅರ್ಧ ಊರನ್ನು ಬೆಳಕಿಗೆ ಎಳೆದ ಕೈ. ಈಗ ಮಡಿಲಲ್ಲಿ ಯಾರೋ ಮರೆತು ಹೋದ ಸಾಮಾನಿನ ಹಾಗೆ ಬಿದ್ದುಕೊಂಡಿರುತ್ತದೆ. ಮಾತು ಸ್ವಲ್ಪ ಎಳೆಯುತ್ತದೆ. ನನ್ನನ್ನು ಬೈಯುವಾಗ ಮಾತ್ರ ಎಳೆಯುವುದಿಲ್ಲ. ಮಣಿಪಾಲದ ಡಾಕ್ಟರರು ಹೇಳಿದ್ದು ಇಷ್ಟು: ಬೆಳಿಗ್ಗೆ ಸಂಜೆ ಹದವಾದ ಬಿಸಿನೀರಿನಲ್ಲಿ ಕೈ ಇಡಬೇಕು, ಆಮೇಲೆ ಬೆರಳು ಆಡಿಸಬೇಕು. ಬಂದರೆ ಇನ್ನು ಆರೇಳು ತಿಂಗಳಲ್ಲಿ ಬರುತ್ತದೆ. ಆಮೇಲೆ ಬರುವುದು ಸುಳ್ಳು.

ಎರಡನೆಯದು, ನಿನ್ನ ಬಾಯ್ಲರ್ ಸೋರುತ್ತದೆ. ಒಲೆಯ ಹೊಗೆಗೆ ಅವಳ ಉಬ್ಬಸ ಏಳುತ್ತದೆಂದು ನೀನು ಸಾಹೇಬರ ಬಂಗ್ಲೆಯಿಂದ ಬಿಚ್ಚಿ, ಹಡಗಿನಲ್ಲಿ ತಂದು, ಬಚ್ಚಲಿನ ಹಿಂದೆ ನಿಲ್ಲಿಸಿದ್ದಲ್ವಾ, ಅದೇ. ಗೋಡೆಯ ಮೇಲಿನ ಟಾಂಕಿಯಿಂದ ಚಿಮಿಣಿ ಎಣ್ಣೆ ಇಳಿಯುವ ತಾಮ್ರದ ನಳಿಗೆ ಉಂಟಲ್ಲ, ಅದರ ಕೆಳಗಿನ ಹಿತ್ತಾಳೆ ನಟ್ಟಿನಲ್ಲಿ ಹನಿ. ಮೊದಲು ಒಂದು. ನಾನು ಬಿಗಿ ಮಾಡಿದೆ. ಆಮೇಲೆ ಎರಡು. ಇನ್ನೂ ಬಿಗಿ ಮಾಡಿದೆ. ಈಗ ತಾಳ ತಪ್ಪದೆ ಬೀಳುತ್ತದೆ. ಎಣ್ಣೆ ಕೆಂಪುಕಲ್ಲಿನೊಳಗೆ ಇಳಿದು ಬಾವಿಗೆ ಹೋಗಿದೆ. ಬಾವಿ ನಮಗೂ ಪಕ್ಕದ ಅಕ್ಕುವಿಗೂ ಒಂದೇ. ಅಕ್ಕು ಮೀನಿನ ಬುಟ್ಟಿ ಇಳಿಸಿ ನಮ್ಮ ಅಂಗಳದಲ್ಲಿ ನಿಂತು ಹೇಳಿದಳು, ‘ಪೊರ್ಬುಗಳೇ, ನನ್ನ ಗಂಜಿ ನಾತ ಹೊಡೆಯುತ್ತದೆ. ಇನ್ನು ನಮ್ಮ ಮನೆಗೆ ದೀಪ ಬೇಡ, ಬಾವಿಗೇ ಕಡ್ಡಿ ಗೀರಿದರೆ ಸಾಕು.’

ಎರಡು ವರ್ಷದ ಹಿಂದೆ ಇದನ್ನು ಹೊತ್ತಿಸಿದ ದಿನ ನಾನು ಊರವರ ಎದುರು ನಿನ್ನ ದನಿ ಮಾಡಿ ತೋರಿಸಿದೆ, ಜನ ನಕ್ಕರು, ನೀನು ಊಟಕ್ಕೆ ಕೂರದೆ ಹೊರಟೆ. ಆಮೇಲೆ ನನಗೆ ಒಂದು ಸಾಲು ಬರೆದವನಲ್ಲ. ಬೇಡ. ನನಗೆ ಬರೆಯಬೇಡ. ಬಾಯ್ಲರಿಗೆ ಬರೆ. ನಾನು ಓದಿ ಹೇಳುತ್ತೇನೆ.

ಇತಿ, ಕಿರೀಟ ಹೋಗಿ ಬೋಳುತಲೆ ಉಳಿದ ನಿನ್ನ ಭಾವ,
ಅಲೋಶಿಯಸ್


ಬಹ್ರೈನ್,
೩ ನವೆಂಬರ್ ೧೯೫೮

ಭಾವ,

ನಿಮ್ಮ ಕಾಗದ ಸಿಕ್ಕಿತು. ಅಕ್ಕನ ವಿಷಯ ಎರಡು ಸಲ ಓದಿದೆ. ಎಲ್ಲರಿಗಿಂತ ಮೊದಲು ನನ್ನನ್ನು ಎತ್ತಿಕೊಂಡವಳು ಅವಳು. ಅಮ್ಮ ಹೇಳುತ್ತಿದ್ದರು, ಸೂಲಗಿತ್ತಿ ಬರುವಷ್ಟರಲ್ಲಿ ಹನ್ನೊಂದು ವರ್ಷದ ಹುಡುಗಿಯ ಕೈಯಲ್ಲಿ ನಾನಿದ್ದೆ ಅಂತ. ಆ ಕೈಗೆ ಹೀಗಾಯಿತೆಂದರೆ ಏನು ಬರೆಯಬೇಕೋ ತಿಳಿಯುವುದಿಲ್ಲ. ಬಾಯ್ಲರಿನ ವಿಷಯ ಬರೆಯುತ್ತೇನೆ.

ನಟ್ಟನ್ನು ಇನ್ನು ಬಿಗಿ ಮಾಡಬೇಡಿ. ಟಾಂಕಿಯ ಟ್ಯಾಪು ಮುಚ್ಚಿ, ನಳಿಗೆಯ ಎಣ್ಣೆ ಪೂರ್ತಿ ಇಳಿಯಲಿ. ಒಳಗೆ ತಾಮ್ರದ ಬಾಯಿ ಅಗಲ ಮಾಡಿದ್ದುಂಟು; ನಟ್ಟು ಅದನ್ನು ಒತ್ತಿ ಹಿಡಿಯುತ್ತದೆ. ಬಲ ಹಾಕಿದರೆ ಆ ಬಾಯಿ ಸೀಳುತ್ತದೆ. ಸೀಳಿದೆಯೋ ಎಂದು ಬೆಳಕಿಗೆ ಹಿಡಿದು ನೋಡಿ ಬರೆಯಿರಿ.

ಸೈಕಲ್ ಟ್ಯೂಬಿನ ರಬ್ಬರ್ ಸುತ್ತಬೇಡಿ, ಚಿಮಿಣಿ ಎಣ್ಣೆಗೆ ಅದು ಉಬ್ಬಿ ಕೊಳೆಯುತ್ತದೆ. ನಿಮ್ಮದೇ ಬುದ್ಧಿ ಏನೂ ಓಡಿಸಬೇಡಿ.

ಬೆರಳು ಆಡಿಸಲು ಅವಳಿಗೆ ಎಂತ ಕೊಟ್ಟಿದ್ದೀರಿ? ಬಚ್ಚಲಿನ ಬಾಗಿಲಿನ ಹಿಂದೆ ಮೊಳೆಯಲ್ಲಿ ನನ್ನ ಸಣ್ಣ ಸ್ಪ್ಯಾನರ್ ತೂಗುಹಾಕಿ ಬಂದಿದ್ದೆ. ಅದನ್ನು ಹಿಡಿಯಲು ಹೇಳಿ. ಅಂಗೈಗೆ ಸರಿಯಾದ ತೂಕ.

ಊಟಕ್ಕೆ ಕೂರದೆ ಹೊರಟದ್ದು ನಿಮಗೆ ನೆನಪುಂಟೆಂದು ಗೊತ್ತಿರಲಿಲ್ಲ.

ಜೋಕಿಮ್


ಕಾಪು,
೨೭ ನವೆಂಬರ್ ೧೯೫೮

ಜೋಕಿಮ್,

ನಿನ್ನ ಕಾಗದ ಹಡಗಿನಲ್ಲಿ ತೇಲುತ್ತಿದ್ದಾಗ ಇಲ್ಲಿ ಮೂರನೇ ಅಂಕ ಮುಗಿದೇ ಹೋಗಿತ್ತು. ಬುದ್ಧಿ ಓಡಿಸಬೇಡಿ ಎಂದೆಯಲ್ಲ. ಅದು ಓಡಿ, ಬಿದ್ದು, ಮೊಣಕಾಲು ತರಚಿಕೊಂಡು ಮನೆಗೆ ಬಂದ ಮೇಲೆ ನಿನ್ನ ಮಾತು ಬಂತು.

ದೀಪಸ್ತಂಭದ ಹತ್ತಿರ ದೋಣಿ ರಿಪೇರಿ ಮಾಡುವ ಹೂವಪ್ಪ ನಿನಗೆ ಗೊತ್ತುಂಟಲ್ಲ. ಅವನನ್ನು ಕರೆದೆ. ಅವನು ಕೂತು, ಮೂಗು ಹಚ್ಚಿ, ಬೆರಳು ನೆಕ್ಕಿ ಹೇಳಿದ, ‘ಇದೆಂತ ಮಾರಾಯ್ರೆ, ನಾನು ಸಮುದ್ರವನ್ನೇ ಹೊರಗೆ ನಿಲ್ಲಿಸುವವನು. ಈ ಹನಿ ಯಾವ ಲೆಕ್ಕ.’ ದೋಣಿಯ ಹಲಗೆಗಳ ಸಂದಿಗೆ ತುಂಬುವ ಮದ್ದು ತಂದ: ಹತ್ತಿ, ರಾಳ, ಮೀನೆಣ್ಣೆ, ಎಲ್ಲ ಕುದಿಸಿ ಪಾಕ ಮಾಡಿದ್ದು. ನಟ್ಟಿನ ಸುತ್ತ ತುಂಬಿ, ಉಳಿಯಿಂದ ಬಡಿದು, ಮೇಲೆ ಸವರಿದ. ಹನಿ ನಿಂತಿತು. ಕಣ್ಣಾರೆ ನೋಡಿದೆ, ನಿಂತಿತು. ನಾನು ಅಂಗಳದಲ್ಲಿ ನಿಂತು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಅಕ್ಕು ಮೀನು ಕೊಟ್ಟಳು.

ಮೂರನೇ ದಿನ ಹತ್ತಿ ನಾಲಗೆಯ ಹಾಗೆ ಹೊರಗೆ ಬಂತು. ರಾಳ ಎಲ್ಲಿ ಹೋಯಿತು ಹೇಳು? ಚಿಮಿಣಿ ಎಣ್ಣೆಯಲ್ಲಿ ಕರಗಿ ಒಳಗೆ ಹೋಗಿತ್ತು, ಬೆಂಕಿ ಉರಿಯುವ ಬಟ್ಟಲಿಗೇ. ಆಮೇಲೆ ಎದ್ದ ಹೊಗೆಯನ್ನು ವರ್ಣಿಸಲು ನನಗೆ ಹಳೆಯ ಗಂಟಲು ಬೇಕು, ಅದು ಈಗಿಲ್ಲ. ನಿನ್ನ ಅಕ್ಕ ಹೆರಿಗೆಗೆ ಒಯ್ಯುತ್ತಿದ್ದ, ಹಗ್ಗದ ಮೇಲಿದ್ದ ಬಿಳಿ ಹಾಸು ಎಲ್ಲ ಕಪ್ಪು. ಯಾವ ಹೊಗೆ ಅವಳಿಗೆ ಬೇಡವೆಂದು ನೀನು ಆ ಯಂತ್ರ ತಂದೆಯೋ ಅದೇ ಹೊಗೆ ಮನೆ ತುಂಬಿತು. ಗ್ಲ್ಯಾಡಿಸ್ ಕಿಟಕಿಯ ಸರಳು ಎಡಗೈಯಲ್ಲಿ ಹಿಡಿದು, ಬಾಯಿ ತೆರೆದು, ಸಂಜೆಯವರೆಗೆ ಉಸಿರಿಗಾಗಿ ಕೂತಳು. ನಾನು ಬೆನ್ನು ನೀವುತ್ತಿದ್ದೆ. ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಭಯ.

ಹೂವಪ್ಪ ಈಗ ನಮ್ಮ ಗೇಟಿನ ಎದುರು ಬಂದರೆ ಸಮುದ್ರದ ಕಡೆಗೆ ನೋಡಿಕೊಂಡು ಹೋಗುತ್ತಾನೆ. ಬಾಯ್ಲರ್ ನಿಂತಿದೆ. ಅಕ್ಕು ತನ್ನ ಹಂಡೆಯ ಬಿಸಿನೀರನ್ನು ಮೀನಿಗೆ ಹೋಗುವ ಮೊದಲು ಒಂದು ಕೊಡ ತಂದಿಡುತ್ತಾಳೆ. ಸಂಜೆ ಅವಳು ಬರುವುದು ತಡವಾಗುತ್ತದೆ, ಸಂಜೆಯ ನೀರು ತಪ್ಪುತ್ತದೆ. ನಳಿಗೆಯ ಬಾಯಿ ಬೆಳಕಿಗೆ ಹಿಡಿದೆ. ಸೀಳಿದೆ.

ಸ್ಪ್ಯಾನರ್ ಕೊಟ್ಟೆ. ಕೈಯಿಂದ ಬಿತ್ತು. ಮತ್ತೆ ಕೊಟ್ಟೆ, ಮತ್ತೆ ಬಿತ್ತು. ಆ ಶಬ್ದ ಕೇಳಿ ಕೇಳಿ ನಾನು ದಣಿದೆ, ಅವಳು ದಣಿಯಲಿಲ್ಲ. ಅಕ್ಕು ನೋಡಿ, ತೆಂಗಿನ ನಾರಿನ ಹುರಿಯಲ್ಲಿ ಅದನ್ನು ಮಣಿಕಟ್ಟಿಗೆ ಕಟ್ಟಿದಳು. ‘ಗ್ಲ್ಯಾಡಿಸ್ ಬಾಯಿ, ಇನ್ನು ಬಿದ್ದರೂ ದೂರ ಹೋಗುವುದಿಲ್ಲ.’

ಇತಿ, ತೆರೆ ಬಿದ್ದ ಮೇಲೂ ರಂಗದಲ್ಲೇ ನಿಂತಿರುವ
ಅಲೋಶಿಯಸ್


ಬಹ್ರೈನ್,
೧೮ ಡಿಸೆಂಬರ್ ೧೯೫೮

ಭಾವ,

ನೀರನ್ನು ತಡೆಯುವುದೆಲ್ಲ ಎಣ್ಣೆಯನ್ನು ತಡೆಯುವುದಿಲ್ಲ. ಹೂವಪ್ಪನ ಮೇಲೆ ಸಿಟ್ಟು ಬೇಡ. ಇಲ್ಲಿ ದೊಡ್ಡ ಎಂಜಿನಿಯರರೇ ಮೊದಲ ವರ್ಷ ಇಂಥದ್ದು ಮಾಡುತ್ತಾರೆ.

ಈಗ ಮಾಡಬೇಕಾದ್ದು: ಟಾಂಕಿಯನ್ನೂ ನಳಿಗೆಯನ್ನೂ ಬರಿದು ಮಾಡಿ. ಎಣ್ಣೆ ಸೋಸುವ ಗಾಜಿನ ಬಟ್ಟಲನ್ನು ಬಿಚ್ಚಿ ಒಳಗಿನ ಸಣ್ಣ ಜಾಲರಿಯನ್ನು ಹೊಸ ಎಣ್ಣೆಯಲ್ಲೇ ತೊಳೆಯಿರಿ, ನೀರು ತಾಗಿಸಬೇಡಿ. ಉರಿಯುವ ಬಟ್ಟಲಿನಲ್ಲಿ ರಾಳ ಕರಕಾಗಿ ಕೂತಿರುತ್ತದೆ, ತೆಂಗಿನ ಚಿಪ್ಪಿನಿಂದ ಕೆರೆಯಿರಿ. ಕಬ್ಬಿಣ ಬೇಡ, ಗೀರು ಬೀಳುತ್ತದೆ. ಹೊಗೆ ಹೋಗುವ ಕೊಳವೆಯನ್ನು ಕಳಚಿ ಮಸಿ ತಟ್ಟಿ ತೆಗೆಯಿರಿ, ಅಕ್ಕನ ಕೋಣೆಯ ಕಡೆಗೆ ಅಲ್ಲ.

ಸೀಳಿದ ನಳಿಗೆಯನ್ನು ಕಾರ್ಕಳಕ್ಕೆ ಒಯ್ಯಿರಿ. ಅಲ್ಲಿ ಬಸ್ ಗ್ಯಾರೇಜಿನಲ್ಲಿ ರೊಸಾರಿಯೊ ಎಂಬವನಿದ್ದಾನೆ, ನನ್ನ ಜೊತೆ ಕೆಲಸ ಕಲಿತವನು. ಅಲ್ಲಿಗೆ ಹೋಗುವವರೆಗೆ ಬಟ್ಟೆ ಒಗೆಯುವ ಬಾರ್ ಸೋಪನ್ನು ಒಣಗಿದ್ದೇ ಸೀಳಿಗೆ ಉಜ್ಜಿ ತುಂಬಿ, ಮೇಲೆ ಬಟ್ಟೆಯ ಪಟ್ಟಿ ಸುತ್ತಿ. ಸೋಪು ಎಣ್ಣೆಯಲ್ಲಿ ಕರಗದು. ಕೆಲವು ವಾರ ತಡೆಯುತ್ತದೆ. ಸಂಜೆಯ ನೀರು ತಪ್ಪಿಸಬೇಡಿ.

ಇಲ್ಲಿ ಕ್ರಿಸ್ಮಸ್ಸಿಗೆ ರಜೆ ಒಂದು ದಿನ. ಬೇರೆಯವರ ಬಂಗ್ಲೆಯ ಬಾಯ್ಲರ್ ನೋಡಿಕೊಳ್ಳಲು ಯಾರಾದರೂ ಬೇಕಲ್ಲ, ನಾನು ಇರುತ್ತೇನೆಂದು ಹೇಳಿದೆ.

ಜೋಕಿಮ್


ಕಾಪು,
೨೦ ಜನವರಿ ೧೯೫೯

ಜೋಕಿಮ್,

ಸೋಪು ನಿಂತಿತು. ಇಡೀ ಹಬ್ಬ ಒಂದು ತುಂಡು ಬಾರ್ ಸೋಪಿನ ದಯೆಯಲ್ಲಿ ಕಳೆಯಿತು. ಗ್ಲ್ಯಾಡಿಸ್ ಹಬ್ಬದ ತಿಂಡಿ ಕುಸ್ವಾರದ ಹಿಟ್ಟನ್ನು ಎಡಗೈಯಲ್ಲಿ ನಾದಿದಳು. ಕುಲ್ಕುಲ್‌ಗಳು ಒಂದೊಂದು ಒಂದೊಂದು ಆಕಾರ. ಅಕ್ಕು ತಿಂದು, ‘ಬಾಯಿ, ಇದು ಸಿಗಡಿಯೋ?’ ಎಂದಳು.

ಆಮೇಲೆ ಕಾರ್ಕಳಕ್ಕೆ ಹೋದೆ. ಉಡುಪಿಯಲ್ಲಿ ಬಸ್ ಬದಲಿಸುವಾಗ ಒಬ್ಬ ಮುದುಕ ನನ್ನ ಗುರುತು ಹಿಡಿದು, ‘ನೀವು ಆ ರಾಕ್ಷಸನ ಪಾರ್ಟು ಮಾಡುತ್ತಿದ್ದವರಲ್ವಾ’ ಎಂದ. ಹೌದೆಂದೆ. ‘ನಿಮ್ಮ ನಗು ಕೇಳಿ ನನ್ನ ತಂಗಿಗೆ ಜ್ವರ ಬಂದಿತ್ತು.’ ನಗಲು ಹೇಳಿದ. ಕಂಕುಳಲ್ಲಿ ನಳಿಗೆ ಇಟ್ಟುಕೊಂಡು ನಕ್ಕೆ. ಕೆಮ್ಮು ಬಂತು. ಅವನಿಗೇ ಪಾಪ ಅನಿಸಿತು, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ.

ನಿನ್ನ ರೊಸಾರಿಯೊ ನಳಿಗೆಯ ಬಾಯಿ ನೋಡಿ ಕೇಳಿದ, ‘ಇದನ್ನು ಯಾರು ಬಿಗಿ ಮಾಡಿದ್ದು?’

‘ನಾನು.’

‘ಸ್ಪ್ಯಾನರಿನಲ್ಲೋ, ಸಿಟ್ಟಿನಲ್ಲೋ?’

ಅವನು ಸೀಳಿದ್ದನ್ನು ಕತ್ತರಿಸಿ ಬಿಸಾಡಿ, ತಾಮ್ರವನ್ನು ಕೆಂಪಗೆ ಕಾಸಿ, ನೀರಿಗೆ ಅದ್ದಿ, ಮೆತ್ತಗಾದ ಮೇಲೆ ಅದರ ಬಾಯಿಯನ್ನು ವಾಲಗದವರ ನಾಗಸ್ವರದ ಹಾಗೆ ಅರಳಿಸಿದ. ಕಬ್ಬಿಣವನ್ನು ಕಾಸಿ ನೀರಿಗೆ ಹಾಕಿದರೆ ಗಡಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ ಎಂದು ಹೇಳಿಕೊಟ್ಟ. ಈ ವಯಸ್ಸಿನಲ್ಲಿ ನಾನು ಇದನ್ನು ಕಲಿಯಬೇಕಾಯಿತು.

ಜೋಡಿಸಿದ್ದು ನಾನೇ. ನಿನ್ನ ಕಾಗದವನ್ನು ಗೋಡೆಗೆ ಅಂಟಿಸಿ, ಮಾತು ಕಂಠಪಾಠ ಮಾಡಿ, ಬೆರಳ ತುದಿಯಲ್ಲಿ ತಿರುಗಿಸಿ, ನಿಂತಲ್ಲಿಗೆ ಸ್ಪ್ಯಾನರಿನಲ್ಲಿ ಸ್ವಲ್ಪ ಮಾತ್ರ. ಚಿಪ್ಪಿನಿಂದ ಕರಕು ಕೆರೆದೆ. ಹೊತ್ತಿಸಿದಾಗ ಜ್ವಾಲೆ ನೀಲಿಯಾಗಿ, ಸದ್ದಿಲ್ಲದೆ ನಿಂತಿತು. ಹೂವಪ್ಪ ಯಾರೂ ಕರೆಯದೆ ಬಂದು ಬಾವಿಗೆ ಇಳಿದ. ನಾವಿಬ್ಬರೂ ಬಾವಿಯನ್ನು ಖಾಲಿ ಮಾಡಿದೆವು, ಮತ್ತೆ ಊಟೆ ಬಂದ ಮೇಲೆ ಮತ್ತೆ ಖಾಲಿ ಮಾಡಿದೆವು. ನನ್ನ ಸೊಂಟ ಇನ್ನೂ ನೆಟ್ಟಗಾಗಿಲ್ಲ. ಅಕ್ಕು ಒಂದು ಬೊಗಸೆ ಕುಡಿದು, ‘ಆದೀತು’ ಎಂದಳು.

ಕೈ? ನಾನು ಒಂದು ನಮಾನ್ ಮರಿಯೆ ಜಪ ಹೇಳಿ ಮುಗಿಸುವವರೆಗೆ ಸ್ಪ್ಯಾನರನ್ನು ಹಿಡಿಯುತ್ತಾಳೆ. ನಾನು ನಿಧಾನವಾಗಿ ಹೇಳಿದರೆ ಬೀಳುತ್ತದೆ. ಅದಕ್ಕೆ ಬೇಗ ಹೇಳುತ್ತೇನೆ. ದೇವರು ಕ್ಷಮಿಸಬೇಕು.

ಇತಿ, ನಗು ಹೋದ ರಾಕ್ಷಸ,
ಅಲೋಶಿಯಸ್


ಬಹ್ರೈನ್,
೧೨ ಫೆಬ್ರವರಿ ೧೯೫೯

ಭಾವ,

ಸಿಟ್ಟು ಎಂದ ರೊಸಾರಿಯೊನ ಮಾತನ್ನು ಇಲ್ಲಿಯ ಗೆಳೆಯರಿಗೆ ಹೇಳಿದೆ. ನಗುತ್ತಾ ಹೇಳಿದೆ, ನಿಮ್ಮ ದನಿ ಮಾಡಿ. ಸರಿಯಾಗಿ ಬರಲಿಲ್ಲ.

ಕೇಳಬೇಕಾದ ಒಂದು ವಿಷಯ ಉಂಟು. ನನ್ನ ಕರಾರು ಮೇ ತಿಂಗಳಿಗೆ ಮುಗಿಯುತ್ತದೆ. ಇನ್ನು ಮೂರು ವರ್ಷಕ್ಕೆ ಸಹಿ ಹಾಕಿದರೆ ಅಷ್ಟು ಕಾಲ ಊರಿಲ್ಲ. ಹಾಕದಿದ್ದರೆ ಮಳೆಗಾಲದ ಮೊದಲು ಮನೆಗೆ. ಆಫೀಸಿನವರಿಗೆ ಮೇ ಮೊದಲ ವಾರ ಹೇಳಬೇಕು.

ನಾನು ಬರಬೇಕೋ ಬೇಡವೋ ಅಕ್ಕನನ್ನು ಕೇಳಿ ಬರೆಯಿರಿ. ಬಾ ಎಂದರೆ ಬರುತ್ತೇನೆ. ಯಾರೂ ಕರೆಯದ ಮನೆಗೆ ಮತ್ತೊಮ್ಮೆ ಬಂದು ನಿಲ್ಲಲು ನನ್ನಿಂದ ಆಗದು.

ಜೋಕಿಮ್


ಕಾಪು,
೬ ಮಾರ್ಚ್ ೧೯೫೯

ಜೋಕಿಮ್,

ಕೇಳಿದೆ. ಅವಳು ಬಿಸಿನೀರಿನಲ್ಲಿ ಕೈ ಇಟ್ಟು ಕೂತಿದ್ದಳು. ಹೇಳಿದ್ದನ್ನು ಹಾಗೇ ಬರೆಯುತ್ತೇನೆ: ‘ಸತ್ತ ಕೈಯನ್ನು ನೋಡಲು ಅವನು ಅಷ್ಟು ದೂರದಿಂದ ಬರುವುದು ಬೇಡ. ಈ ಕೈಗೆ ಬಲ ಬಂದ ದಿನ ನಾನೇ ಕರೆಯುತ್ತೇನೆ. ನೀವು ನಡುವೆ ಬಾಯಿ ಹಾಕಿ ಬಾ ಅಂತ ಬರೆಯಬೇಡಿ.’ ನನ್ನಿಂದ ಶಿಲುಬೆ ಮುಟ್ಟಿಸಿ ಆಣೆ ಹಾಕಿಸಿದಳು.

ನನ್ನ ಸ್ವಂತದ ಮಾತು ಎಂತ ಎಂದು ನೀನು ಕೇಳಬೇಡ. ಬಾಯಿಯೇ ಬಂಡವಾಳವಾಗಿ ಬದುಕಿದವನು ನಾನು. ಆ ಬಾಯಿಯನ್ನು ಮುಚ್ಚಿ ಕೂತಿದ್ದೇನೆ.

ಡಾಕ್ಟರರು ಹೇಳಿದ ತಿಂಗಳುಗಳು ಮುಗಿಯುತ್ತಾ ಬಂದವು. ಈಗ ಬೆರಳು ಆಡಿಸುವಾಗ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಾಳೆ. ಯಾಕೆ ಎಂದರೆ, ‘ನಿಮ್ಮ ಮುಖ ನೋಡಿದರೆ ಕೈ ಹೆದರುತ್ತದೆ’ ಎನ್ನುತ್ತಾಳೆ. ನಾನು ಜಗಲಿಯಲ್ಲಿ ಕೂತು ಸ್ಪ್ಯಾನರ್ ಬೀಳುವ ಶಬ್ದಕ್ಕೆ ಕಾಯುತ್ತೇನೆ. ಇತ್ತೀಚೆಗೆ ಕೇಳಿಸುವುದಿಲ್ಲ. ಬೀಳುವುದಿಲ್ಲವೋ, ಹಿಡಿಯುವುದನ್ನೇ ಬಿಟ್ಟಳೋ, ಕೇಳಲು ಧೈರ್ಯ ಇಲ್ಲ.

ಬಾಯ್ಲರಿನಲ್ಲಿ ಒಂದು ಹನಿಯೂ ಇಲ್ಲ. ನಟ್ಟಿನ ಕೆಳಗೆ ಕಾಗದ ಇಟ್ಟು ನೋಡಿದೆ, ಒಣಗಿಯೇ ಇತ್ತು. ಹಾಗಾಗಿ ನಿನಗೆ ಬರೆಯಲು ನನಗೆ ಇನ್ನು ಕಾರಣವೂ ಇಲ್ಲ.

ಇತಿ,
ಅಲೋಶಿಯಸ್


ಕಾಪು,
೧೨ ಏಪ್ರಿಲ್ ೧೯೫೯

ಜೋಕಿಮ್,

ಸೋರುತ್ತದೆ.

ಅದೇ ನಟ್ಟು. ಪಾಸ್ಖ ಹಬ್ಬ ಕಳೆದು ಎರಡನೇ ಭಾನುವಾರ, ಇವತ್ತು, ಪೂಜೆ ಮುಗಿಸಿ ಇಗರ್ಜಿಯಿಂದ ಬಂದು ನೋಡುತ್ತೇನೆ, ಹನಿ. ಬೆಳಿಗ್ಗೆ ಹೋಗುವಾಗ ಇರಲಿಲ್ಲ. ಸತ್ಯವಾಗಿ ಹೇಳುತ್ತೇನೆ, ನಾನು ಅದನ್ನು ಮುಟ್ಟಿಲ್ಲ. ಹೂವಪ್ಪನನ್ನು ಕೇಳಿದೆ, ಅವನು ಬಾವಿಯ ಮೇಲೆ ಆಣೆ ಹಾಕಿದ. ಅಕ್ಕು, ‘ನಿಮ್ಮ ಬೆಕ್ಕು ಇರಬೇಕು ಪೊರ್ಬುಗಳೇ, ಅದಕ್ಕೂ ನಾಟಕದ ಹುಚ್ಚು’ ಎಂದಳು. ಅಂಗಳದ ಮಧ್ಯೆ ನಿಂತು ರೊಸಾರಿಯೊನಿಂದ ಹಿಡಿದು ಸಾಹೇಬರವರೆಗೆ ಎಲ್ಲರನ್ನೂ ಬೈದೆ. ಗಂಟಲು ಅರ್ಧಕ್ಕೇ ಸೋತಿತು.

ಹಿಂದೆ ನಗು ಕೇಳಿಸಿತು. ಬಚ್ಚಲಿನ ಬಾಗಿಲಲ್ಲಿ ಗ್ಲ್ಯಾಡಿಸ್. ತಂಬಿಗೆ ಬಿದ್ದ ದಿನದಿಂದ ಆ ನಗು ಕೇಳಿದ್ದಿಲ್ಲ. ‘ಬಿಗಿ ಮಾಡಬೇಡಿ’ ಎಂದಳು. ‘ಜೋಕಿಮನಿಗೆ ಬರೆಯಿರಿ. ಸೋರುತ್ತದೆ ಅಂತ ಮಾತ್ರ ಬರೆಯಿರಿ, ಅವನಿಗೆ ಅಷ್ಟು ಸಾಕು.’

ನಾನು ನಟ್ಟಿಗಾದರೂ ಒಂದು ಸುತ್ತು ಕೊಡೋಣವೆಂದು ಸ್ಪ್ಯಾನರ್ ಕೇಳಿದೆ. ಅವಳ ಮಣಿಕಟ್ಟಿನ ಹುರಿಯಲ್ಲಿ ಅದು ಇರಲಿಲ್ಲ. ಹುರಿಯೇ ಇರಲಿಲ್ಲ. ನೋಡಿದರೆ ಸ್ಪ್ಯಾನರ್ ಬಾಗಿಲಿನ ಹಿಂದೆ, ನೀನು ತೂಗುಹಾಕಿದ ಮೊಳೆಯಲ್ಲಿ, ನೀನು ಬಿಟ್ಟುಹೋದ ಹಾಗೇ ಇತ್ತು.

ಅವಳು ಹೇಳಿದ್ದಕ್ಕಿಂತ ಹೆಚ್ಚು ಬರೆದೆನೋ ಏನೋ. ಆಣೆ ಮುರಿದಿಲ್ಲ. ಸೋರುತ್ತದೆ, ಅಷ್ಟೇ.

ಇತಿ, ಯಾವ ಪಾರ್ಟಿನಲ್ಲಿ ನಿಂತಿದ್ದೇನೆಂದು ತಿಳಿಯದ
ಅಲೋಶಿಯಸ್


ಬಹ್ರೈನ್,
೨ ಮೇ ೧೯೫೯

ಭಾವ,

ಆ ಬಾಯ್ಲರಿನಲ್ಲಿ ಮೋಟರ್ ಇಲ್ಲ. ಎಣ್ಣೆ ತಾನಾಗಿ ಇಳಿಯುತ್ತದೆ, ತಾನಾಗಿ ಉರಿಯುತ್ತದೆ, ಎಲ್ಲೂ ನಡುಕ ಇಲ್ಲ. ನಡುಕ ಇಲ್ಲದ ಕಡೆ ಅಂಥ ನಟ್ಟು ತಾನಾಗಿ ಸಡಿಲ ಆದದ್ದನ್ನು ಇಷ್ಟು ವರ್ಷದಲ್ಲಿ ನಾನು ನೋಡಿಲ್ಲ. ಸ್ಪ್ಯಾನರ್ ಹಾಕಿ, ಗಟ್ಟಿಯಾಗಿ ಹಿಡಿದು, ಮಣಿಕಟ್ಟು ತಿರುಗಿಸಬೇಕು. ಬೆಕ್ಕಿನಿಂದ ಆಗುವ ಕೆಲಸ ಅಲ್ಲ. ಬಲ ಇಲ್ಲದ ಕೈಯಿಂದಲೂ ಆಗುವುದಲ್ಲ.

ನಿನ್ನೆ ಆಫೀಸಿಗೆ ಹೋಗಿ ಸಹಿ ಹಾಕುವುದಿಲ್ಲವೆಂದು ಹೇಳಿ ಬಂದೆ. ಈ ತಿಂಗಳ ಕೊನೆಯ ಹಡಗಿನಲ್ಲಿ ಮುಂಬಯಿ, ಅಲ್ಲಿಂದ ಊರು. ಬಸ್ಸಿನಿಂದ ಇಳಿಯುವಾಗ ಊರವರು ಇದ್ದರೆ ನನ್ನ ದನಿ ಮಾಡಿ ತೋರಿಸಿ, ಪರವಾಗಿಲ್ಲ. ಊಟ ಮಾತ್ರ ಇಟ್ಟಿರಿ.

ನಟ್ಟನ್ನು ಯಾರೂ ಮುಟ್ಟಬೇಡಿ. ಅಕ್ಕ ಅದನ್ನು ಎಷ್ಟು ತಿರುಗಿಸಿದ್ದಾಳೆಂದು ನಾನೇ ಕೈ ಹಾಕಿ ನೋಡಬೇಕು. ಅಲ್ಲಿಯವರೆಗೆ ಕೆಳಗೆ ಒಂದು ಪಾತ್ರೆ ಇಡಿ.

ಜೋಕಿಮ್